ಗೋಡೆಯಿಲ್ಲದ ಮನೆಯಲ್ಲಿ ಮೊದಲ ರೋಜಾ

ನಾಲ್ಕು ಗೋಡೆಯ ನಡುವೆ ಕೂತು ಇದನ್ನು ಓದುತ್ತಿರುವ ಪುಣ್ಯವಂತರೇ, ನನ್ನ ಗೋಳು ಸ್ವಲ್ಪ ಕೇಳಿ.

ಕಡಲಾಚೆಯ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನಲ್ಲಿ ಚಿಪ್ ಕಾರ್ಖಾನೆಯ ಎಂಜಿನಿಯರ್ ನಾನು, ನಝೀರ್. ಒಳ್ಳೆಯ ಫ್ಲ್ಯಾಟು ಬಿಟ್ಟು ಗುಡ್ಡದ ಬದಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದೆ. ಪ್ರಕೃತಿಯೊಡನೆ ಬೆರೆತ ಆಧುನಿಕ ಗೃಹ! ಹಜಾರಕ್ಕೆ ಮೂರೇ ಗೋಡೆ, ನಾಲ್ಕನೆಯದರ ಜಾಗದಲ್ಲಿ ಸಾಕ್ಷಾತ್ ಕಾಡು. ಮಲಗುವ ಕೋಣೆಗೆ ಬಿದಿರಿನ ತೆರೆ. ಚಿಲಕ ಹಾಕುವಂಥ ಬಾಗಿಲಿದ್ದದ್ದು ಕಕ್ಕಸಿಗೆ ಮಾತ್ರ. (ಅಷ್ಟಾದರೂ ಮಾನ ಉಳಿಸಿದ ವಿನ್ಯಾಸಕಾರರಿಗೆ ಸಲಾಮು.) ಗ್ರಿಲ್ ಹಾಕಿಸಿಕೊಡಲೇ ಎಂದು ಮಾಲೀಕರು ಕೇಳಿದಾಗ ಬೇಡವೆಂದವನೂ ನಾನೇ.

"ಹೂಂ ಅನ್ರೀ, ಮಂಗ್ಯಾಗೋಳು ಒಳಗ ಬರ್ತಾವ," ಎಂದಳು ಹುಬ್ಬಳ್ಳಿಯವಳಾದ ನನ್ನ ಹೆಂಡತಿ ಫಹ್ಮೀದಾ.

"ಗ್ರಿಲ್ ಅಂದ್ರೆ ಜೈಲು ಕಣೇ. ಮನೆ ಉಸಿರಾಡಬೇಕು."

"ಮನಿ ಉಸುರಾಡ್ಲಿ. ನಾವು ಉಣ್ಣೂದು ಬ್ಯಾಡೇನು?"

ಆಮೇಲೆ ಕೊರೊನಾ ಬಂತು. ಗ್ರಿಲ್ಲಿನ ಅಂಗಡಿಯೂ ಮುಚ್ಚಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಹಾಕಿಕೊಳ್ಳಲು ಬಾಗಿಲಿಲ್ಲದವರು ನಾವೊಬ್ಬರೇ.

ಆ ರಂಜಾನಿನಲ್ಲಿ ನಮ್ಮ ಮಗಳು ಝೋಯಾ ಮೊದಲ ಸಲ ರೋಜಾ ಹಿಡಿದಳು. ಇಷ್ಟುದ್ದದ ಕೂಸು, ಆ ಸೆಕೆಯಲ್ಲಿ ಹನಿ ನೀರಿಲ್ಲದೆ ಸಂಜೆ ಮಾಡಿತು. ಊರಲ್ಲಾಗಿದ್ದರೆ ಮನೆ ತುಂಬ ನೆಂಟರು. ಇಲ್ಲಿ ಅವಳಮ್ಮನೇ ಕಟ್ಟಿ ಕೊರಳಿಗೆ ಹಾಕಿದ ಹೂವಿನ ಹಾರ, ನೆಂಟರೆಲ್ಲ ಫೋನಿನೊಳಗೆ. ಫಹ್ಮೀದಾ ಸಮೋಸಾ, ಮಿರ್ಚಿ ಭಜಿ, ಖೀರು ಮಾಡಿ, ಹಜಾರದ ನೆಲಕ್ಕೆ ಊಟದ ದಸ್ತರ್‌ಖಾನ್ ಹಾಸಿ ಜೋಡಿಸಿದಳು. ಎಲ್ಲ ಮುಂದಿಟ್ಟುಕೊಂಡು, ಅಜಾನ್ ಕೇಳುವವರೆಗೆ ಮುಟ್ಟದೆ ಕೂರುವುದು ನಮ್ಮ ಪದ್ಧತಿ. ಕಾಡಿನವರಿಗೆ ಅಂಥ ಪದ್ಧತಿಯಿಲ್ಲ.

ಕೈಯೆತ್ತಿ ದುವಾ ಮಾಡುತ್ತಿದ್ದೆವು. ಮಂಗಗಳ ದಂಡು ಇಳಿಯಿತು. ಮೊದಲು ಖರ್ಜೂರ ಹೋಯಿತು, ಆಮೇಲೆ ಭಜಿ. ಒಂದು ಝೋಯಾಳ ಕೊರಳಿನ ಹಾರಕ್ಕೇ ಕೈ ಹಾಕಿತು. ಅವಳು ಚೀರಿದಳು.

"ಬಾಗಿಲಿರೋ ಕಡೆ ನಡೀರಿ!" ಎಂದೆ.

"ಕೂಸಿನ ಮೊದಲ ರೋಜಾ ಸಂಡಾಸದಾಗ ಬಿಡಸ್ತೀರೇನು?"

ಮೂವರೂ ಓಡಿ ಕಾರು ಹೊಕ್ಕು ಗಾಜು ಏರಿಸಿದೆವು. ಅಜಾನ್ ಆಯಿತು. ಕಾರಿನಲ್ಲಿ ಸಿಕ್ಕಿದ್ದು ಅರ್ಧ ಬಾಟಲಿ ನೀರು, ಮೆತ್ತಗಾದ ಬಿಸ್ಕತ್ತು. ಮಗಳು ಅಳಲಿಲ್ಲ. ಅದನ್ನೇ ತಿಂದು, "ಪಪ್ಪಾ, ಕ್ಯಾನ್ ವಿ ಜಸ್ಟ್ ಲಿವ್ ಹಿಯರ್?" ಎಂದಳು. ನನಗಾದ ನಾಚಿಕೆ ಇನ್ನೂ ಇಳಿದಿಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ವಿಡಿಯೋ ಕಾಲ್. ಪರದೆಯ ತುಂಬ ಅತ್ತೆ, ಬೆನ್ನ ಹಿಂದೆ ಇಡೀ ಬಳಗ. ಹೊಸ ಮನೆಯನ್ನು ಅವರ್ಯಾರೂ ನೋಡಿರಲಿಲ್ಲ.

"ಅಳಿಯಾರ, ಇದ ಏನು ಹೊಸಾ ಮನಿ? ಭಾಳ ಸಣ್ಣದೈತೆಲ್ಲಾ!"

ನಾನು ಬಾಯಿ ತೆರೆಯುವ ಮೊದಲೇ ಫಹ್ಮೀದಾ ಫೋನ್ ಕಸಿದುಕೊಂಡಳು.

"ಸಣ್ಣದಿದ್ರ ಇರ್ಲಿ ಬಿಡು ಅಮ್ಮಿ. ಇದಕ್ಕ ಬಾಗ್ಲಾ ಅದಾವು."