ಹಳೇ ಕಾರಿಗೆ ಹೊಸ ಚಳಿ

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಅವಳ ಕರೆಗಂಟೆ ಒತ್ತಿದ್ದು ಮೆಕ್ಯಾನಿಕ್. ಅವನ ಹೆಗಲ ಮೇಲೆ ಕೂಸಿನ ಹಾಗೆ ಎಸಿಯ ಕಂಪ್ರೆಸರ್.

"ಅಕ್ಕಾ, ಕಾರಿಗೆ ಉಳಿದದ್ದೆಲ್ಲ ಹಾಕಿ ಆಗಿದೆ. ಇದೊಂದೇ ಬಾಕಿ. ಹಾಕ್ಲೋ, ವಾಪಸ್ ತಗೊಂಡು ಹೋಗ್ಲೋ?"

ಶೆಡ್ಡಿನ ಆ ಕಾರಿಗೆ ಅವಳ ಅಪ್ಪನಷ್ಟು ವಯಸ್ಸು. ಮದುವೆಯಾದ ಮೇಲೆ ಎಂಟು ಬೇಸಿಗೆ ಅವಳು ಅದರಲ್ಲಿ ಬೆಂದಿದ್ದಳು. "ಈ ಸಲ ನಿನ್ನ ತಣ್ಣಗೆ ಸುತ್ತಿಸ್ತೀನಿ" ಅಂದಿದ್ದ ಗಂಡ, ಹಿಡಿದ ಕೆಲಸ ಯಾವುದನ್ನೂ ಮುಗಿಸಿದವನಲ್ಲ. ಕಳೆದುಹೋದ ಡಿಕ್ಕಿ ಕೀ ಕೂಡ ಎಂಟು ವರ್ಷದಿಂದ 'ನಾಳೆ' ಆಗುತ್ತಿತ್ತು. ಇದೊಂದಾದರೂ ಮುಗಿಯಲಿ ಅನ್ನಿಸಿತು ಅವಳಿಗೆ.

"ಹಾಕಿ."

"ಇಂಥ ಹೊತ್ತಲ್ಲಿ ಎಸಿ ಬೇಕಿತ್ತೇನೇ? ನಾಲ್ಕು ಜನ ಏನಂತಾರೆ?" ಎನ್ನುತ್ತ ಬಂದ ಎದುರುಮನೆ ಆಂಟಿ, ಬಾನೆಟ್ ಮುಚ್ಚುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಅವಳು ಸ್ಟೀರಿಂಗ್ ಹಿಡಿದಳು. ಪರೀಕ್ಷೆಗೆ ಏರು ರಸ್ತೆಯೇ ಸರಿ ಎಂದ, ಪಕ್ಕದ ಸೀಟಿನಲ್ಲಿ ಕೂತ ಮೆಕ್ಯಾನಿಕ್. 'ಆ ಏರು ಎಂಜಿನ್‌ಗೆ ಆಗಲ್ಲ' ಎಂದು ಗಂಡ ಯಾವಾಗಲೂ ಸುತ್ತುಬಳಸಿ ಹೋಗುತ್ತಿದ್ದ ರಸ್ತೆ ಅದು.

ಹತ್ತು ನಿಮಿಷ ಸ್ವರ್ಗ. ಆಂಟಿ ಕಿವಿ ಮುಚ್ಚಿಕೊಂಡು, "ಇನ್ನೂ ಜಾಸ್ತಿ ಮಾಡೇ" ಎಂದರು. ಆಮೇಲೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು.

"ಹೀಟರ್ ಹಾಕಿ ಅಕ್ಕಾ! ಎಂಜಿನ್ ಬಿಸಿ ಒಳಗೆ ಬಂದ್ಬಿಟ್ರೆ ಅದು ಬದುಕ್ಕೊಳ್ಳುತ್ತೆ!"

ಮುಖಕ್ಕೆ ಮಂಜುಗಡ್ಡೆ, ಕಾಲಿಗೆ ಕೆಂಡ.

"ಏನಯ್ಯಾ, ನಮ್ಮನ್ನ ಬೇಯಿಸ್ತಿದೀಯೋ, ಆರಿಸ್ತಿದೀಯೋ?" ಆಂಟಿ ಕಿರುಚಿದರು.

ಯಾರೋ ಜೋರಾಗಿ ನಕ್ಕರು. ತಾನೇ ಎಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಏರಿನ ತುದಿಯಲ್ಲಿ ಕಾರು ಬುಸ್ಸೆಂದು ಹೊಗೆಯಾಡಿ ಒಂದು ಗೇಟಿನ ಮುಂದೆ ನಿಂತಿತು. ಬಕೆಟ್ಟಿನಲ್ಲಿ ನೀರು ಹಿಡಿದು ಬಂದ ಮುದುಕರೊಬ್ಬರು ಕಾರು ನೋಡಿ ಬಕೆಟ್ ಕೆಳಗಿಟ್ಟರು.

"ಅಂತೂ ತಂದ್ರಾ!"

"ಯಾರು ನೀವು?"

"ಕಾರಿನ ಯಜಮಾನ. ಎಂಟು ವರ್ಷದ ಹಿಂದೆ ಒಬ್ಬ ಹುಡುಗ, ಮದುವೆಯಾಗಿ ಹೆಂಡತೀನ ಕರ್ಕೊಂಡು ಬರ್ಬೇಕು, ಎರಡು ದಿನಕ್ಕೆ ಕೊಡಿ ಸಾರ್ ಅಂದ."

ಮುದುಕರು ಜೇಬಿನ ಗೊಂಚಲಿನಿಂದ ಒಂದು ಕೀ ಹುಡುಕಿ ತಿರುಗಿಸಿದರು. ಡಿಕ್ಕಿ ತೆರೆಯಿತು. ಒಳಗೆ ಅವರ ಕೊಡೆ.

"ನೀವು ಕಾರು ವಾಪಸ್ ಕೇಳ್ಲೇ ಇಲ್ವಾ?"

"ಫೋನ್ ಮಾಡಿದಾಗೆಲ್ಲ, ಬರೀ ಕಾರು ಹೇಗೆ ಕೊಡ್ಲಿ ಸಾರ್, ಎಸಿ ಹಾಕಿಸಿ ಕೊಡ್ತೀನಿ ಅಂತಿದ್ದ. ಮಾತು ಉಳಿಸ್ಕೊಂಡ ನೋಡು! ಎಲ್ಲಿ ಅವನು?"

ಆಂಟಿ ಕೆಮ್ಮಿದರು. ಅವಳು ಹೇಳಿದಳು. ಮುದುಕರು ಡಿಕ್ಕಿಯಿಂದ ಕೊಡೆ ತೆಗೆದು ಅದರ ಧೂಳು ಒರೆಸಿದರು.

"ಮನೆಗೆ ಹೇಗೆ ಹೋಗೋದೇ ಈಗ, ಈ ಬಿಸಿಲಲ್ಲಿ?" ಆಂಟಿ ಪಿಸುಗುಟ್ಟಿದರು.

ಅವಳು ಕಾರಿನ ಕೀಯನ್ನು ಮುದುಕರ ಅಂಗೈಯಲ್ಲಿಟ್ಟಳು.

"ಎಸಿ ಹಾಕಿದ್ರೆ ಹೀಟರೂ ಹಾಕ್ಬೇಕು ಸಾರ್," ಎಂದಳು. "ಮರೀಬೇಡಿ."