ಕೂದಲು ಬಿಟ್ಟ ಸಂತೆ ರಸ್ತೆ

ಸಿಮೆಂಟು ಬಂದಿದ್ದ, ನಾಚಿಕೆ ಇನ್ನೂ ಬಂದಿರದ ಕಾಲದಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ದಿನಾ ಬೆಳಿಗ್ಗೆ ಆಸ್ಥಾನದ ಕ್ಷೌರಿಕನು ಕೇಶವಿಲಾಸ ಮಹಾರಾಜರ ತಲೆಯ ಮೇಲೆ, ಬರೀ ಗಾಳಿಯಲ್ಲಿ, ಅರ್ಧ ಗಂಟೆ ಕತ್ತರಿ ಆಡಿಸಿ, ಏನೂ ಬೀಳದ ನೆಲವನ್ನು ಗುಡಿಸಿ ಹೊರಟುಹೋಗುತ್ತಿದ್ದನು. ಮಹಾರಾಜರು ಬೋಳು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಧಿಕೃತವಾಗಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಕುಂಬಾರರ ಕೆಂಚಮ್ಮ ಆಸ್ಥಾನಕ್ಕೆ ಬಂದಳು.

"ಬುದ್ಧಿ, ಸಂತೆ ರಸ್ತೆ ತುಂಬ ಬಿರುಕು. ಗಾಡೀಲಿ ನೂರು ಮಡಕೆ ಹೇರಿದ್ರೆ ಅಲ್ಲಿ ಇಳಿಸೋದು ಅರವತ್ತು. ಹಿಂಗೇ ಆದ್ರೆ ತಿಗರಿ ತಿರುಗ್ಸೋದೇ ಬಿಡಬೇಕಾಗ್ತದೆ."

ಇಂಜಿನಿಯರ್ ನಿಜಗುಣಯ್ಯ ಉಪಾಯ ಹೇಳಿದ. ಹಳೆಯ ರಸ್ತೆಯ ಮೇಲೆ ಮೂರೇ ಅಂಗುಲ ಕಾಂಕ್ರೀಟು, ಅದರೊಳಗೆ ಸಣ್ಣ ಪ್ಲಾಸ್ಟಿಕ್ ಎಳೆಗಳು. ತೆಳುವಾದ ಪದರ ಎಲ್ಲಾದರೂ ಬಿರಿದರೂ ಎಳೆಗಳು ಎರಡೂ ಕಡೆ ಹಿಡಿದುಕೊಂಡು ಬಿರುಕು ಅಗಲವಾಗಲು ಬಿಡುವುದಿಲ್ಲ. ಪೈಲಟ್ ಯೋಜನೆಯಾಗಿ ನೂರು ಗಜ ಹಾಕಿದರು. ಕೆಂಚಮ್ಮನ ಗಾಡಿ ಅಷ್ಟು ದೂರ ಹೋಯಿತು. ಒಂದು ಮಡಕೆಯೂ ಒಡೆಯಲಿಲ್ಲ.

ಮಹಾರಾಜರು ಸ್ಥಳ ಪರಿಶೀಲನೆಗೆ ಚಿತ್ತೈಸಿದರು. ಕೆಲವು ಎಳೆಗಳ ತುದಿಗಳು ಕಾಂಕ್ರೀಟಿನ ಮೇಲೆ ನಿಂತಿದ್ದವು.

"ಇದೇನು?"

"ಎಳೆ, ಪ್ರಭು. ಗಾಡಿ ಓಡಾಡಿದರೆ ಸವೆದುಹೋಗುತ್ತದೆ" ಎಂದ ನಿಜಗುಣಯ್ಯ.

ಮಂತ್ರಿ ತಥಾಸ್ತುರಾಯರು ಮಹಾರಾಜರ ಕಿವಿಯ ಬಳಿ ಬಗ್ಗಿದರು. "ಪ್ರಭುಗಳಿಗೆ ಇಲ್ಲದ್ದು ರಸ್ತೆಗೆ ಇದೆ ಅಂತ ನಾನಂತೂ ಹೇಳುವುದಿಲ್ಲ."

"ಹೇಳಬೇಡಿ."

ಸಂಜೆಗೆ ಆಜ್ಞೆ ಹೊರಬಿತ್ತು: ಪೂರ್ವಾನುಮತಿಯಿಲ್ಲದೆ ಯಾವ ರಸ್ತೆಯೂ ಕೂದಲು ಬಿಡತಕ್ಕದ್ದಲ್ಲ. ನಿಜಗುಣಯ್ಯನನ್ನು ಗಿಳಿ ಸಾಕಣೆ ಇಲಾಖೆಗೆ ವರ್ಗ ಮಾಡಿದರು. ಕ್ಷೌರಿಕ ನೂರು ಗಜವನ್ನೂ ನುಣ್ಣಗೆ ಬೋಳಿಸಿದ. ಎಷ್ಟೋ ವರ್ಷಗಳ ಮೇಲೆ ಅವನ ಕತ್ತರಿಗೆ ಏನೋ ಸಿಕ್ಕಿತ್ತು. ಉಳಿದ ರಸ್ತೆಗೆ ಎಳೆಯಿಲ್ಲದ ಮೂರಂಗುಲ ಬಿತ್ತು. ಮಿಕ್ಕ ಎಳೆಯಲ್ಲಿ ಮಂತ್ರಿಗಳು ಒಂದು ವಿಗ್ ಹೆಣೆಸಿ, ಕೇಶಕಿರೀಟವೆಂದು ಹೆಸರಿಟ್ಟು, ಉದ್ಘಾಟನೆಯ ದಿನ ಮಹಾರಾಜರಿಗೆ ತೊಡಿಸಿದರು.

"ಯೌವನ ಮರಳಿತು, ಪ್ರಭು."

"ಹೋಗಿತ್ತೇ?"

"ಹೋಗಿರಲಿಲ್ಲ. ಆದರೂ ಮರಳಿತು."

ಗಾಳಿ ಎಷ್ಟು ಬೀಸಿದರೂ ಕಿರೀಟದ ಒಂದೆಳೆಯೂ ಅಲುಗಲಿಲ್ಲ. ರಸ್ತೆಗೆ ಗುಣಮಟ್ಟದ ಪ್ರಮಾಣಪತ್ರ ಸಿಕ್ಕಿತು.

ತಿಂಗಳೊಳಗೆ ಹೊಸ ಪದರ ಹಪ್ಪಳದಂತೆ ಒಡೆಯಿತು. ಕೆಂಚಮ್ಮ ಮತ್ತೆ ಬಂದಳು. ಗಾಡಿಯಲ್ಲಿ ಹನ್ನೊಂದು ಮಡಕೆ ಉಳಿದಿದ್ದವು, ಮಿಕ್ಕದ್ದೆಲ್ಲ ಒಡೆದ ಬೋಕಿ. ಕ್ಷೌರಿಕ ಕೇಶಕಿರೀಟವನ್ನು ಬಾಚುತ್ತಿದ್ದ. ಆಸ್ಥಾನವೆಲ್ಲ ಅದನ್ನೇ ನೋಡುತ್ತಿತ್ತು. ಅವಳು ಒಮ್ಮೆ ಹೇಳಿದಳು, ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಹೇಳಿದಳು.

"ಬುದ್ಧಿ, ಅದನ್ನ ರಸ್ತೆಗೆ ವಾಪಸ್ ಕೊಡ್ಸಿ."