ಚಹಾ ಕೇಳಿದ ಕಂಪ್ಯೂಟರ್

ಎದುರಿಗೆ ಹೇಳಲು ಧೈರ್ಯವಿಲ್ಲದ ಮಾತನ್ನು ಎಲ್ಲಾದರೂ ಬರೆದು ಅಡಗಿಸಿಡುವುದು ನನ್ನ ಹಳೆಯ ಚಾಳಿ. ಹೆಂಡತಿಯ ಉಪ್ಪಿಟ್ಟಿನ ಬಗ್ಗೆ ನನ್ನ ನಿಜವಾದ ಅಭಿಪ್ರಾಯ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿರುತ್ತದೆ. ವರ್ಷದ ಕೊನೆಗೆ ಅವಳು ಅದನ್ನು ಇಳಿಸುವ ಮೊದಲು ನಾನೇ ಇಳಿಸಿ ಬಚ್ಚಲೊಲೆಗೆ ಹಾಕುತ್ತೇನೆ. ‘ಮನೆಗೆಲಸದಲ್ಲಿ ಇದೊಂದಾದರೂ ಮಾಡುತ್ತಾರಲ್ಲ’ ಎಂದು ಅವಳಿಗೆ ಸಮಾಧಾನ. ಇಂಥ ಪುಕ್ಕಲ ನಾನೊಬ್ಬನೇ ಎಂದುಕೊಂಡಿದ್ದೆ. ಕಂಪ್ಯೂಟರ್ ಕಲಿಯಲು ಹೋದಾಗ, ದೊಡ್ಡ ದೊಡ್ಡ ಪ್ರೋಗ್ರಾಂ ಬರೆಯುವವರೂ ನಮ್ಮ ಪೈಕಿಯೇ ಎಂದು ಗೊತ್ತಾಯಿತು.

ಎಂಬತ್ತರ ದಶಕದ ಕೊನೆಯ ಮಾತಿದು. ಇಚಲಕರಂಜಿಯ ಶಹಾಪುರದಲ್ಲಿ ಒಂದು ಪಾವರ್‌ಲೂಮ್ ಕಾರ್ಖಾನೆ. ಅದರಲ್ಲಿ ನಾನು ಹಂಗಾಮಿ ಕಾರಕೂನ. ಮಾಲಕರಿಗೆ ಕಂಪ್ಯೂಟರಿನ ಹುಚ್ಚು ಹತ್ತಿ, ಅದನ್ನು ನಡೆಸಲು ಕಲಿತು ಬಾ ಎಂದು ನನ್ನನ್ನು ಮೂರು ತಿಂಗಳು ಎಸ್.ಟಿ. ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಅಟ್ಟಿದರು. ಅಲ್ಲಿ ಕಲಿಸುವ ಸರ್ ಒಂದು ದಿನ ಹೇಳಿದರು: ಪರದೇಶದ ಯಾವುದೋ ಯಂತ್ರಕ್ಕೆ ‘ಪ್ರೇಮ ಎಂಬ ಫೈಲು ಮಾಡು’ ಎಂದು ಆಜ್ಞೆ ಕೊಟ್ಟರೆ, ಅದು ‘ಯುದ್ಧ ಬೇಡವೇ?’ ಎಂದು ಕೇಳುತ್ತದಂತೆ. ‘ಯುದ್ಧ ಬಿಡಿ, ಪ್ರೇಮ ಮಾಡಿ’ ಎಂಬ ಅಲ್ಲಿಯ ಘೋಷಣೆ ಹಿಡಿದು, ಬರೆದವನು ಸದ್ದಿಲ್ಲದೆ ಒಳಗೆ ಸೇರಿಸಿಟ್ಟ ಚೇಷ್ಟೆ. ಮೂರು ತಿಂಗಳಲ್ಲಿ ನಾನು ಮನಸ್ಸಿಟ್ಟು ಕಲಿತದ್ದು ಇದೊಂದನ್ನೇ.

ಕಂಪ್ಯೂಟರ್ ಬಂತು. ಕಪ್ಪು ಪರದೆ, ಹಸಿರು ಅಕ್ಷರ. ಏನು ಬೇಕಾದರೂ ಇಂಗ್ಲಿಷ್ ಅಕ್ಷರಗಳಲ್ಲಿ ಆಜ್ಞೆ ಟೈಪ್ ಮಾಡಬೇಕು. ಅದಕ್ಕೆ ತಿಳಿಯದಿದ್ದರೆ ‘ನಿಮ್ಮ ಆಜ್ಞೆ ಸರಿಯಿಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ಮಾಲಕರಿಗೆ ಹಾಗೆ ಹೇಳಬಲ್ಲವರು ಆ ಕಾರ್ಖಾನೆಯಲ್ಲಿ ಇಬ್ಬರೇ, ಒಂದು ಆ ಯಂತ್ರ, ಇನ್ನೊಬ್ಬರು ಅವರ ತಾಯಿ. ನನಗಂತೂ ಹೇಳಬೇಕಾದ್ದು ಬಹಳವಿತ್ತು, ಮುಖ್ಯವಾಗಿ ಚಹಾದ ವಿಷಯ. ನಮ್ಮ ಕಪ್ಪುಗಳ ನಟ್ಟನಡುವೆ ಒಂದು ನೀಲಿ ಗೆರೆ ಇತ್ತು. ನೌಕರರಿಗೆ ಚಹಾ ಆ ಗೆರೆಯ ತನಕ. ಗೆರೆ ಮುಳುಗುವಷ್ಟು ಚಹಾ ಬಂದರೆ ಯಾರೋ ಬೀಗರು ಬಂದಿದ್ದಾರೆಂದು ತಿಳಿಯಬೇಕು. ಹೊಟ್ಟೆ ಉರಿದು ಒಂದು ಮಧ್ಯಾಹ್ನ ನಾನೂ ನನ್ನ ಚೇಷ್ಟೆ ಸೇರಿಸಿದೆ. ಚಹಾ ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮಾತಿನ ಉತ್ತರ ಮೂಡುತ್ತಿತ್ತು: ‘ಮಾಲಕರನ್ನ ಕೇಳ್ರಿ. ನೀಲಿ ಗೆರಿ ತನಕ ಸಿಗತೈತಿ.’ ನೇಕಾರರು ಒಬ್ಬೊಬ್ಬರಾಗಿ ಬಂದು ಟೈಪ್ ಮಾಡಿಸಿ, ಓದಿಸಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಹೋಗುತ್ತಿದ್ದರು. ನನಗೆ ಅಷ್ಟು ಕೀರ್ತಿ ಮತ್ತೆಂದೂ ಬರಲಿಲ್ಲ.

ಆ ವರ್ಷದ ಖಂಡೇನವಮಿಯ ದಿನ, ಆಯುಧಪೂಜೆಗೆ, ನನ್ನ ನೌಕರಿ ಕಾಯಂ ಮಾಡುತ್ತೇನೆಂದು ಮಾಲಕರು ಮಾತು ಕೊಟ್ಟಿದ್ದರು. ಕಾಯಂ ಆದರೆ ಮಾತ್ರ ಮಗಳನ್ನು ಕೊಡುತ್ತೇನೆಂದು ಹುಪರಿಯಲ್ಲಿ ಒಬ್ಬರು ಕಾದು ಕೂತಿದ್ದರು. ಪೂಜೆಗೆ ಮಾಲಕರ ತಾಯಿ ಬಂದರು. ಅವರನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಜೊತೆಗೆ ಮಾಲಕರ ಹೊಸ ಸೊಸೆ, ಗಡಹಿಂಗ್ಲಜದ ಹುಡುಗಿ, ಬಿ.ಕಾಂ. ಪಾಸಾದವಳು. ಆಯಿ ಮಗ್ಗಗಳಿಗೆಲ್ಲ ಕುಂಕುಮ ಹಚ್ಚಿ, ಸಕ್ಕರೆ ತೋರಿಸಿ, ಕಂಪ್ಯೂಟರಿನ ಮುಂದೆ ನಿಂತರು.

“ಮಗ್ಗಕ್ಕ ಎಣ್ಣಿ ಕೊಡತೀರಿ. ಇದಕ್ಕೇನು ಕೊಡತೀರೋ?”

“ಕರೆಂಟ್ ಇದ್ರ ಸಾಕ್ರಿ, ಆಯಿ. ಮತ್ತೇನೂ ಬ್ಯಾಡ ಇದಕ್ಕ,” ಎಂದೆ.

“ಪಾಪ, ಒಂದು ಗುಟುಕು ಚಹಾನೂ ಬ್ಯಾಡೇನು? ಕೇಳಿ ನೋಡು.”

ನಾನು ಕೀಬೋರ್ಡಿಗೆ ಅಡ್ಡ ನಿಂತೆ. “ಅದು ಹಂಗ ಮಾತಾಡೂದಿಲ್ರಿ,” ಎಂದೆ.

“ಆಯಿ ಹೇಳಾಕತ್ತಾಳ, ಕೇಳೋ,” ಎಂದರು ಮಾಲಕರು.

ದಿನಕ್ಕೆ ನೂರು ತಪ್ಪು ಮಾಡುವ ನನ್ನ ಬೆರಳುಗಳು ಅಂದು CHAHA ಎಂಬ ಐದೂ ಅಕ್ಷರಗಳನ್ನು ಒಂದು ತಪ್ಪಿಲ್ಲದೆ ಹೊಡೆದವು. ಉತ್ತರ ಮೂಡಿತು. ಆಯಿಗೆ ಓದು ಬಾರದು, ಮಾಲಕರ ಇಂಗ್ಲಿಷ್ ಅಕ್ಷರಜ್ಞಾನ ಅವರ ಸಹಿಗೆ ಮುಗಿಯುತ್ತಿತ್ತು. ನನಗೆ ಜೀವ ಬಂತು.

“ಆಯಿಗೆ ನಮಸ್ಕಾರ ಅನ್ನಾಕತ್ತೇತ್ರಿ,” ಎಂದೆ.

“ಇಲ್ರಿ ಆಯಿ,” ಎಂದಳು ಬಿ.ಕಾಂ. ಸೊಸೆ. ಅಷ್ಟಕ್ಕೆ ಸುಮ್ಮನಿರಬಾರದೇ? ನಿಧಾನವಾಗಿ, ಪಾಠ ಓದುವಂತೆ, ಎರಡೂ ಸಾಲು ಓದಿಬಿಟ್ಟಳು. ಬಾಗಿಲಲ್ಲಿದ್ದ ನೇಕಾರರು ಮಗ್ಗದ ಕಡೆ ಸರಿದರು. ಹುಪರಿಯ ಹುಡುಗಿ ನನ್ನ ಕಣ್ಣೆದುರೇ ಬೇರೆಯವನ ಮನೆ ತುಂಬಿದಳು.

ಆಯಿ ಮೇಜಿನ ಮೇಲಿದ್ದ ನನ್ನ ಕಪ್ಪು ಎತ್ತಿ ತಿರುಗಿಸಿ ನೋಡಿದರು. “ಇದೇನೋ ಗೆರಿ?”

“ಡಿಸೈನ್ ಐತಿ, ಆಯಿ,” ಎಂದರು ಮಾಲಕರು, ಪರದೆಯ ಕಡೆ ನೋಡುತ್ತ.

“ಡಿಸೈನೇನು? ವರ್ಷಾನಗಟ್ಟಲೆ ದುಡಿಯೂ ಮಂದಿ ಬಾಯಿ ಬಿಡಲಿಲ್ಲ. ನಿನ್ನೆ ಮೊನ್ನೆ ಬಂದ ಯಂತ್ರ ಕೇಳೇತಿ ನೋಡು. ಇವತ್ತಿನಿಂದ ಇದಕ್ಕ ದಿನಾ ಒಂದು ಕಪ್ ಚಹಾ ನೈವೇದ್ಯ ಇಡ್ರಿ. ತುಂಬಿ ಇಡ್ರಿ.”

ಸಂಜೆ ಮಾಲಕರು ನನ್ನನ್ನು ಒಳಗೆ ಕರೆದರು. ಚೀಲ ಹೆಗಲಿಗೆ ಹಾಕಿಕೊಂಡೇ ಹೋದೆ.

“ನಿನ್ನ ಇವತ್ತ ಹೊರಗ ಹಾಕಾವಿದ್ದೆ,” ಎಂದರು. “ಆದ್ರ ನಾಳೆ ಆಯಿ ಬಂದು, ಯಂತ್ರಕ್ಕ ಚಹಾ ಯಾರು ಇಡತಾರ ಅಂತ ಕೇಳಿದ್ರ ಏನ್ ಹೇಳಲಿ? ಹೋಗು, ಕಾಯಂ ಮಾಡೇನಿ. ನಿನ್ನ ಗೆರಿನೂ ಕಾಯಂ.”

ಹೀಗೆ ನನ್ನ ಮದುವೆಯಾಯಿತು, ಉಪ್ಪಿಟ್ಟೂ ಶುರುವಾಯಿತು. ಆ ಕಾರ್ಖಾನೆಯಲ್ಲಿ ಇದ್ದಷ್ಟು ವರ್ಷ ದಿನವೂ ಹನ್ನೊಂದಕ್ಕೆ ಕಂಪ್ಯೂಟರಿನ ಮುಂದೆ ತುಂಬಿದ ಕಪ್ಪು ಇಟ್ಟು ಕೈಮುಗಿದೆ. ಐದು ನಿಮಿಷ ಬಿಟ್ಟು ಮಾಲಕರು ಬಂದು ಪ್ರಸಾದವೆಂದು ಅದನ್ನು ಕುಡಿದು ಹೋಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ನನ್ನ ಕಪ್ಪಿನ ಚಹಾ ಗೆರೆಯಿಂದ ಕೆಳಗಿಳಿಯುವುದನ್ನು ನೋಡುತ್ತಿದ್ದೆ.